ಜಾಗ್ವಾರ್: ಇಷ್ಟು ಚೆಂದದ ಕಾರಿಗೆ ಇಷ್ಟು ಕೆಟ್ಟ ಹೆಸರು ಯಾಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಜಾಗ್ವಾರ್ ಸುದ್ದಿ ಬಂದರೆ ಎರಡು ಮಾತು ಗ್ಯಾರಂಟಿ. "ಎಂಥಾ ಚೆಂದದ ಕಾರು!" ಅನ್ನೋದು ಒಂದು. "ಆದ್ರೆ ಯಾವಾಗ್ಲೂ ಗ್ಯಾರೇಜಲ್ಲೇ ಇರುತ್ತೆ" ಅನ್ನೋದು ಇನ್ನೊಂದು. ಎರಡೂ ಒಂದು ಕಾಲಕ್ಕೆ ನಿಜ, ಇನ್ನೊಂದು ಕಾಲಕ್ಕೆ ಸುಳ್ಳು. ನನ್ನನ್ನು ಜನ ಮತ್ತೆ ಮತ್ತೆ ಕೇಳಿರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಮೊದಲೇ ಹೇಳಿಬಿಡ್ತೀನಿ, ಜಾಗ್ವಾರ್‌ನ ಹಳೇ ಎಕ್ಸ್‌ಜೆ ಸೆಡಾನ್ ಕಂಡರೆ ನಾನು ಕರಗುವವನು. ಅಷ್ಟು ಪಕ್ಷಪಾತವನ್ನು ಕಳೆದುಕೊಂಡು ಓದಿ.

ಜಾಗ್ವಾರ್ ಶುರುವಿನಿಂದಲೂ ಕಾರು ಕಂಪನಿಯೇನಾ?

ಅಲ್ಲ, ಸೈಡ್‌ಕಾರ್ ಕಂಪನಿ. ಮೋಟಾರ್ ಸೈಕಲ್ ಪಕ್ಕಕ್ಕೆ ಒಂದು ಡಬ್ಬಿ ಕಟ್ಟಿರ್ತಾರಲ್ಲ, ಅದು. ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್‌ನಲ್ಲಿ ವಿಲಿಯಂ ವಾಮ್ಸ್ಲಿ ಅನ್ನುವವರು ಅಲ್ಯೂಮಿನಿಯಂ ಸೈಡ್‌ಕಾರ್ ಮಾಡ್ತಿದ್ದರು. ಹತ್ತಿರದ ಮನೆಯ ಹುಡುಗ ವಿಲಿಯಂ ಲಯನ್ಸ್ ಅದನ್ನು ನೋಡಿ ಒಂದು ಕೊಂಡ, ಆಮೇಲೆ ಇಬ್ಬರೂ ಸೇರಿ ವ್ಯಾಪಾರ ಮಾಡೋಣ ಅಂದ. 1922ರಲ್ಲಿ ಸ್ವಾಲೋ ಸೈಡ್‌ಕಾರ್ ಕಂಪನಿ ಶುರುವಾದಾಗ ಲಯನ್ಸ್‌ಗೆ 21 ವರ್ಷ ತುಂಬುತ್ತಿತ್ತು ಅಷ್ಟೆ.

1927ರಲ್ಲಿ ಅವರು ಆಸ್ಟಿನ್ ಸೆವೆನ್ ಅನ್ನೋ ಪುಟ್ಟ ಅಗ್ಗದ ಕಾರಿಗೆ ತಮ್ಮದೇ ಬಾಡಿ ತೊಡಿಸಿದರು. ಎಂಜಿನ್ ಅದೇ, ಚಾಸಿ ಅದೇ, ವೇಷ ಮಾತ್ರ ಬೇರೆ. ಜನ ಇಷ್ಟಪಟ್ಟರು. ಮರುವರ್ಷವೇ ಕಾರು ಉದ್ಯಮದ ಊರಾದ ಕವೆಂಟ್ರಿಗೆ ಹೋದರು. 1931ರಲ್ಲಿ ಎಸ್‌ಎಸ್1 ಬಂತು. ಇಷ್ಟುದ್ದ ಬಾನೆಟ್, ತಗ್ಗಿದ ಛಾವಣಿ, ನೋಡಿದವರು ಸಾವಿರ ಪೌಂಡ್ ಕಾರು ಅಂದುಕೊಳ್ಳಬೇಕು. ಬೆಲೆ 310 ಪೌಂಡ್. ಒಳಗಿದ್ದದ್ದು ಸ್ಟ್ಯಾಂಡರ್ಡ್ ಕಂಪನಿಯ ಸಾಧಾರಣ ಎಂಜಿನ್. ನೋಟಕ್ಕೆ ತಕ್ಕ ಓಟ ಇಲ್ಲ ಅಂತ ಆಗಲೇ ಆಡಿಕೊಳ್ಳುವವರಿದ್ದರು.

ಕಾಸಿಗೆ ತಕ್ಕ ಕಜ್ಜಾಯ ಅಂತಾರಲ್ಲ? ಲಯನ್ಸ್ ಮಾಡಿದ್ದು ಅದರ ಉಲ್ಟಾ. ಕಾಸು ಕಮ್ಮಿ, ಕಜ್ಜಾಯ ದೊಡ್ಡದು. ಇದೊಂದನ್ನು ನೆನಪಲ್ಲಿಟ್ಟುಕೊಳ್ಳಿ, ಮುಂದಿನ ಕಥೆಯೆಲ್ಲ ಇದರ ಸುತ್ತಲೇ ಸುತ್ತುತ್ತೆ.

ಹೆಸರು ಹೇಗೆ ಬಂತು? ಜಾಗ್ವಾರ್ ಅನ್ನಬೇಕಾ, ಜಾಗ್ಯುವರ್ ಅನ್ನಬೇಕಾ?

1935ರಲ್ಲಿ "ಎಸ್‌ಎಸ್ ಜಾಗ್ವಾರ್" ಅಂತ ಮೊದಲು ಒಂದು ಮಾಡೆಲ್‌ಗೆ ಇಟ್ಟ ಹೆಸರು ಅದು. ಆ ಹೆಸರು ಆಗಲೇ ಆರ್ಮ್‌ಸ್ಟ್ರಾಂಗ್ ಸಿಡ್ಲಿ ಕಂಪನಿಯ ಒಂದು ವಿಮಾನದ ಎಂಜಿನ್‌ಗೆ ಇತ್ತು, ಹಾಗಾಗಿ ಅವರ ಒಪ್ಪಿಗೆ ತಗೊಂಡರು. ಯುದ್ಧ ಮುಗಿದ ಮೇಲೆ "ಎಸ್‌ಎಸ್" ಅಂದರೆ ಎಲ್ಲರಿಗೂ ನೆನಪಾಗುತ್ತಿದ್ದದ್ದು ಹಿಟ್ಲರನ ಪಡೆ. 1945ರಲ್ಲಿ ಆ ಎರಡಕ್ಷರ ಬಿಟ್ಟು ಕಂಪನಿಗೇ ಜಾಗ್ವಾರ್ ಅಂತ ಹೆಸರಿಟ್ಟರು. ಬಾನೆಟ್ ಮೇಲೆ ಹಾರುವ ಆ ಪ್ರಾಣಿ ಬಂದದ್ದು ಅದಕ್ಕೂ ಮುಂಚೆ, 1938ರಲ್ಲಿ.

ಇಂಗ್ಲಿಷರು ಜಾಗ್ಯುವರ್ ಅಂತಾರೆ, ಅಮೆರಿಕದವರು ಜಾಗ್ವಾರ್ ಅಂತಾರೆ. ನಾವು ಜಾಗ್ವಾರ್ ಅಂತಲೇ ರೂಢಿ ಮಾಡಿಕೊಂಡಿದ್ದೇವೆ. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಇದು ರೋಲ್ಸ್ ರಾಯ್ಸ್, ಬೆಂಟ್ಲಿ ಥರದ ಐಷಾರಾಮಿ ಕಾರೇನಾ?

ಅಲ್ಲ, ಆಗಿರಲೂ ಇಲ್ಲ. ಇಲ್ಲೇ ಜಾಸ್ತಿ ಜನ ಎಡವೋದು. ರೋಲ್ಸ್ ರಾಯ್ಸ್ ದುಡ್ಡಿದ್ದವರ ಕಾರು. ಜಾಗ್ವಾರ್ ದುಡ್ಡಿದ್ದವರ ಹಾಗೆ ಕಾಣಬೇಕು ಅನ್ನುವವರ ಕಾರು. ಇದನ್ನು ಬೈಗುಳ ಅಂತ ಹೇಳ್ತಿಲ್ಲ, ಅದೊಂದು ದೊಡ್ಡ ಕಲೆ.

1948ರಲ್ಲಿ ಬಂದ ಎಕ್ಸ್‌ಕೆ120 ಸ್ಪೋರ್ಟ್ಸ್ ಕಾರು ತಗೊಳ್ಳಿ. ತೆರಿಗೆ ಬಿಟ್ಟು 998 ಪೌಂಡ್. ಹೆಸರಲ್ಲಿರುವ 120 ಅಂದರೆ ಗಂಟೆಗೆ 120 ಮೈಲಿ, ಅಂದರೆ ಸುಮಾರು 193 ಕಿಲೋಮೀಟರ್. ಆಗಿನ ಕಾಲಕ್ಕೆ ಜನ ನಂಬಲಿಲ್ಲ. 1949ರಲ್ಲಿ ಬೆಲ್ಜಿಯಂನ ಯಾಬೆಕೆ ಹತ್ತಿರದ ನೇರ ರಸ್ತೆಗೆ ಪತ್ರಕರ್ತರನ್ನು ಕರೆದುಕೊಂಡು ಹೋಗಿ 132 ಮೈಲಿಗೂ ಮೇಲೆ ಓಡಿಸಿ ತೋರಿಸಿದರು. ತಮಾಷೆ ಅಂದರೆ ಆ ಕಾರನ್ನು ಮಾಡಿದ್ದೇ ಪ್ರದರ್ಶನಕ್ಕೆ. ಹೊಸ ಎಂಜಿನ್ ರೆಡಿ ಇತ್ತು, ಅದನ್ನು ಹಾಕಬೇಕಾದ ದೊಡ್ಡ ಸೆಡಾನ್ ರೆಡಿ ಇರಲಿಲ್ಲ. ಇನ್ನೂರು ಕಾರು ಮಾಡಿದರೆ ಸಾಕು ಅಂದುಕೊಂಡಿದ್ದರು, ಆರ್ಡರ್ ಮೇಲೆ ಆರ್ಡರ್ ಬಿದ್ದು ಅಲ್ಯೂಮಿನಿಯಂ ಬಿಟ್ಟು ಉಕ್ಕಿನ ಬಾಡಿಗೆ ಹೋಗಬೇಕಾಯಿತು.

ಆ ಎಂಜಿನ್ ಕಥೆ ಇನ್ನೂ ಚೆನ್ನಾಗಿದೆ. ಯುದ್ಧದ ಸಮಯದಲ್ಲಿ ಬಾಂಬು ಬಿದ್ದು ಬೆಂಕಿ ಹತ್ತಿದರೆ ಅಂತ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿಯ ಮೇಲೆ ಕಾವಲು ಕೂರಬೇಕಿತ್ತು. ಲಯನ್ಸ್, ಜೊತೆಗೆ ಎಂಜಿನಿಯರುಗಳಾದ ವಿಲಿಯಂ ಹೇನ್ಸ್, ವಾಲ್ಟರ್ ಹ್ಯಾಸನ್, ಕ್ಲಾಡ್ ಬೇಲಿ ಇವರೆಲ್ಲ ಕಾವಲು ಕೂತಲ್ಲೇ ಮುಂದಿನ ಎಂಜಿನ್ ಬಗ್ಗೆ ಮಾತಾಡಿದರು. ಹಾಗೆ ಹುಟ್ಟಿದ ಎಕ್ಸ್‌ಕೆ ಎಂಜಿನ್ ರೇಸ್ ಕಾರು, ಸೆಡಾನ್, ಲಿಮೋಸಿನ್ ಎಲ್ಲದರಲ್ಲೂ ಕೂತು 1992ರವರೆಗೆ ತಯಾರಾಗ್ತಾನೇ ಇತ್ತು!

ಕಡಿಮೆ ಬೆಲೆಗೆ ಹೇಗೆ ಕೊಡ್ತಿದ್ದರು ಅನ್ನೋದಕ್ಕೂ ಇಲ್ಲೇ ಉತ್ತರ ಇದೆ. ಒಂದೇ ಎಂಜಿನ್ ಎಲ್ಲ ಕಾರಿಗೂ. ಎಷ್ಟೋ ಬಿಡಿಭಾಗ ಹೊರಗಿನಿಂದ ಖರೀದಿ. ಲಯನ್ಸ್ ಮಹಾ ಲೆಕ್ಕಾಚಾರದ ಮನುಷ್ಯ, ಕೈ ಬಿಗಿ. ಡಿಸೈನ್ ಕೂಡ ಹಾಗೆಯೇ. ಅವರು ಕಾಗದದ ಮೇಲೆ ಚಿತ್ರ ಬಿಡಿಸುತ್ತಿರಲಿಲ್ಲ. ತಗಡು ಬಡಿಯುವ ಕುಶಲಕರ್ಮಿಗಳನ್ನು ಪಕ್ಕದಲ್ಲಿ ಇಟ್ಟುಕೊಂಡು ಪೂರ್ತಿ ಅಳತೆಯ ಮಾದರಿ ಮಾಡಿಸಿ, ಅದನ್ನು ತಮ್ಮ ಮನೆಯ ಅಂಗಳಕ್ಕೆ ತರಿಸಿ, ಬಿಸಿಲಲ್ಲಿ ಹೇಗೆ ಕಾಣುತ್ತೆ ಅಂತ ಸುತ್ತ ತಿರುಗಿ ನೋಡಿ, ಇಲ್ಲಿ ಸ್ವಲ್ಪ ತಗ್ಗಿಸಿ ಅಲ್ಲಿ ಸ್ವಲ್ಪ ಉಬ್ಬಿಸಿ ಅಂತ ಹೇಳುತ್ತಿದ್ದರು.

ರೇಸಿನಲ್ಲಿ ನಿಜಕ್ಕೂ ಅಷ್ಟು ದೊಡ್ಡ ಹೆಸರಿತ್ತಾ?

ಇತ್ತು. ಫ್ರಾನ್ಸಿನ ಲ ಮಾನ್ 24 ಗಂಟೆ ರೇಸನ್ನು 1951, 1953, 1955, 1956, 1957ರಲ್ಲಿ ಗೆದ್ದರು. 1953ರಲ್ಲಿ ಡಿಸ್ಕ್ ಬ್ರೇಕ್ ಹಾಕಿಕೊಂಡು ಬಂದಿದ್ದರು. ಬೇರೆಯವರ ಡ್ರಮ್ ಬ್ರೇಕ್ ಕಾದು ಸೋಲುತ್ತಿದ್ದಾಗ ಇವರು ತಿರುವಿನ ಬುಡದವರೆಗೂ ವೇಗ ಇಳಿಸದೆ ಹೋಗ್ತಿದ್ದರು. 1957ರಲ್ಲಂತೂ ಮೊದಲ ನಾಲ್ಕು ಜಾಗವೂ ಜಾಗ್ವಾರ್‌ನ ಡಿ ಟೈಪ್ ರೇಸ್ ಕಾರುಗಳದ್ದೇ.

1955ರ ಗೆಲುವನ್ನು ಮಾತ್ರ ಯಾರೂ ಸಂಭ್ರಮದಿಂದ ನೆನೆಯುವುದಿಲ್ಲ. ಆ ರೇಸಿನಲ್ಲಿ ಒಂದು ಮರ್ಸಿಡಿಸ್ ಕಾರು ಪ್ರೇಕ್ಷಕರ ಮೇಲೆ ಬಿದ್ದು 80ಕ್ಕೂ ಹೆಚ್ಚು ಜನ ಸತ್ತರು. ಅದೇ ರೇಸಿಗೆ ಹೊರಟಿದ್ದ ಲಯನ್ಸ್ ಅವರ ಒಬ್ಬನೇ ಮಗ ಜಾನ್ ದಾರಿಯಲ್ಲಿ ಅಪಘಾತವಾಗಿ ತೀರಿಕೊಂಡಿದ್ದ. ಕಂಪನಿಗೆ ವಾರಸುದಾರ ಇಲ್ಲವಾದದ್ದು ಅವತ್ತು. ಹತ್ತು ವರ್ಷ ಬಿಟ್ಟು ಅದರ ಪರಿಣಾಮ ಕಾಣಿಸಿತು.

ಇ ಟೈಪ್ ಸ್ಪೋರ್ಟ್ಸ್ ಕಾರಿನ ಬಗ್ಗೆ ಇಷ್ಟೊಂದು ಹೊಗಳಿಕೆ ಯಾಕೆ?

ಫೋಟೋ ನೋಡಿ, ಉತ್ತರ ಸಿಗುತ್ತೆ. 1961ರ ಮಾರ್ಚಿನಲ್ಲಿ ಜಿನೀವಾದಲ್ಲಿ ಅನಾವರಣವಾಯಿತು. ಆಕಾರ ಕೊಟ್ಟ ಮಾಲ್ಕಂ ಸೇಯರ್ ವಿಮಾನ ಉದ್ಯಮದಿಂದ ಬಂದವರು, ಗಾಳಿ ಹೇಗೆ ಹರಿಯುತ್ತೆ ಅಂತ ಗಣಿತ ಹಾಕಿ ಗೆರೆ ಎಳೆದವರು. ಟೆಸ್ಟ್ ಡ್ರೈವ್ ಕೇಳುವವರ ನೂಕುನುಗ್ಗಲು ಎಷ್ಟಿತ್ತು ಅಂದರೆ ಇನ್ನೊಂದು ಕಾರು ತಗೊಂಡು ಬಾ ಅಂತ ಕವೆಂಟ್ರಿಗೆ ಹೇಳಿ ಕಳಿಸಿದರು. ಕಂಪನಿಯ ಟೆಸ್ಟ್ ಡ್ರೈವರ್ ನಾರ್ಮನ್ ಡೂಯಿಸ್ ರಾತ್ರಿಯಿಡೀ ಓಡಿಸಿಕೊಂಡು ಬಂದು ಬೆಳಿಗ್ಗೆ ಜಿನೀವಾ ಮುಟ್ಟಿಸಿದರು. ಬೆಲೆ ಸುಮಾರು 2,100 ಪೌಂಡ್. ಅದರ ಎದುರಿನ ಆಸ್ಟನ್ ಮಾರ್ಟಿನ್ ಡಿಬಿ4ಗೆ ಹೆಚ್ಚುಕಡಿಮೆ ಎರಡು ಪಟ್ಟು ಕೊಡಬೇಕಿತ್ತು. ಮತ್ತೆ ಅದೇ ದೊಡ್ಡ ಕಜ್ಜಾಯ. 1996ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂ ಒಂದು ಇ ಟೈಪನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು.

ಮೊದಲ ವರ್ಷಗಳ ಕಾರಿನಲ್ಲಿ ಸೀಟು ಕಷ್ಟ, ಗೇರ್ ಬಾಕ್ಸ್ ಒರಟು, ಟ್ರಾಫಿಕ್ಕಿನಲ್ಲಿ ನಿಂತರೆ ಎಂಜಿನ್ ಬಿಸಿಯಾಗುತ್ತೆ. ಯಾರೂ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಹಾಗಾದ್ರೆ ಹೆಸರು ಕೆಟ್ಟದ್ದು ಯಾವಾಗ?

ಮಾಲೀಕ ಬದಲಾದಾಗ. 1965ರಲ್ಲಿ ಜಾಗ್ವಾರ್‌ಗೆ ಬಾಡಿ ಒತ್ತಿ ಕೊಡುತ್ತಿದ್ದ ಪ್ರೆಸ್ಡ್ ಸ್ಟೀಲ್ ಕಂಪನಿಯನ್ನು ದೊಡ್ಡ ಪ್ರತಿಸ್ಪರ್ಧಿ ಬಿಎಂಸಿ ಕೊಂಡುಕೊಂಡಿತು. ನಾಳೆ ಬಾಡಿ ಕೊಡಲ್ಲ ಅಂದರೆ ಜಾಗ್ವಾರ್ ಗತಿ ಏನು? ಲಯನ್ಸ್‌ಗೆ ವಯಸ್ಸು 65 ಹತ್ತಿರ, ಮಗ ಇಲ್ಲ. 1966ರಲ್ಲಿ ಬಿಎಂಸಿ ಜೊತೆ ಸೇರಿಬಿಟ್ಟರು. ಎರಡೇ ವರ್ಷಕ್ಕೆ ಅದೆಲ್ಲ ಸೇರಿ ಬ್ರಿಟಿಷ್ ಲೇಲ್ಯಾಂಡ್ ಅನ್ನೋ ದೈತ್ಯ ಹುಟ್ಟಿತು.

ಆ ವರ್ಷವೇ, 1968ರಲ್ಲಿ, ಲಯನ್ಸ್ ಕೈಯ ಕೊನೆಯ ದೊಡ್ಡ ಕೆಲಸ ಎಕ್ಸ್‌ಜೆ6 ಬಂತು. ಆಗಿನ ಯಾವ ಸೆಡಾನೂ ಇಷ್ಟು ಸದ್ದಿಲ್ಲದೆ, ಇಷ್ಟು ಮೆತ್ತಗೆ ಹೋಗುತ್ತಿರಲಿಲ್ಲ. 1972ರಲ್ಲಿ ಅವರು ನಿವೃತ್ತರಾದರು. 1975ರಲ್ಲಿ ಲೇಲ್ಯಾಂಡ್ ದಿವಾಳಿ ಅಂಚಿಗೆ ಬಂದು ಸರ್ಕಾರದ ಪಾಲಾಯಿತು, ಜಾಗ್ವಾರ್‌ಗೆ ಇದ್ದ ಪ್ರತ್ಯೇಕ ಆಡಳಿತ ಮಂಡಳಿಯನ್ನೂ ತೆಗೆದರು. ಮುಷ್ಕರದ ಮೇಲೆ ಮುಷ್ಕರ. ದುಡ್ಡು ಇಲ್ಲ. ನಮ್ಮ ಕಾರು ಅನ್ನೋ ಹೆಮ್ಮೆ ಇಲ್ಲ. ತುಕ್ಕು, ನೀರು ಸೋರಿಕೆ, ಎಣ್ಣೆ ಸೋರಿಕೆ, ಕೈಕೊಡುವ ಕಿಟಕಿ. 1979ರಲ್ಲಿ ಎಕ್ಸ್‌ಜೆಯ ಮೂರನೇ ಸರಣಿ ಬಂದಾಗ ಹೊಸ ಪೇಂಟ್ ಶಾಪ್ ಎಷ್ಟು ತೊಂದರೆ ಕೊಟ್ಟಿತು ಅಂದರೆ ಮೊದಮೊದಲು ಬಿಳಿ, ಕೆಂಪು, ಹಳದಿ ಈ ಮೂರೇ ಬಣ್ಣ. ಊಹಿಸಿಕೊಳ್ಳಿ, ಇಷ್ಟು ದುಬಾರಿ ಕಾರು ಕೊಳ್ಳೋಕೆ ಹೋದವರಿಗೆ ಬಣ್ಣ ಆರಿಸುವ ಭಾಗ್ಯ ಇಲ್ಲ. ಮೇಲೆಲ್ಲ ಥಳುಕು, ಒಳಗೆಲ್ಲ ಹುಳುಕು ಅನ್ನೋ ಮಾತು ಜಾಗ್ವಾರ್‌ಗೆ ಅಂಟಿಕೊಂಡದ್ದು ಈ ಹತ್ತು ವರ್ಷದಲ್ಲಿ.

ಎಂಜಿನಿಯರುಗಳು ಮಾತ್ರ ಸುಮ್ಮನಿರಲಿಲ್ಲ. ಜಾಗ್ವಾರ್ ಒಳಗೆ ಅದೇ ಲೇಲ್ಯಾಂಡ್ ಗುಂಪಿನ ರೋವರ್‌ನ ವಿ8 ಎಂಜಿನ್ (ಎಂಟು ಸಿಲಿಂಡರ್ "ವಿ" ಆಕಾರದಲ್ಲಿ ಕೂತ ಅಗಲದ ಎಂಜಿನ್) ತುರುಕಿ ಅಂತ ಮೇಲಿನವರು ಹೇಳಿಬಿಟ್ಟರೆ ಅಂತ ಹೆದರಿ, ಮುಂದಿನ ಎಕ್ಸ್‌ಜೆಯ ಎಂಜಿನ್ ಜಾಗವನ್ನೇ ಬೇಕಂತಲೇ ಕಿರಿದು ಮಾಡಿದರು. ಯಾವ ವಿ ಎಂಜಿನ್ನೂ ಕೂರಬಾರದು, ಅಷ್ಟು ಕಿರಿದು. ಗೆದ್ದರು. ಆದರೆ ತಮ್ಮದೇ ವಿ12 ಕೂರಿಸಬೇಕಾದಾಗ ಅದಕ್ಕೂ ಜಾಗ ಇಲ್ಲ! ಮುಂಭಾಗ ಬದಲಿಸಿ ಅದನ್ನು ಕೂರಿಸುವ ಹೊತ್ತಿಗೆ 1993.

ಎಲ್ಲ ತಪ್ಪೂ ಎಲೆಕ್ಟ್ರಿಕ್ ವೈರಿಂಗಿನದ್ದು ಅಂತಾರಲ್ಲ?

ಅರ್ಧ ನಿಜ. ಆಗಿನ ಬ್ರಿಟಿಷ್ ಕಾರುಗಳ ಎಲೆಕ್ಟ್ರಿಕ್ ಭಾಗ ಹೆಚ್ಚಾಗಿ ಲೂಕಾಸ್ ಕಂಪನಿಯದ್ದು. ದೀಪ ಆರಿಹೋಗುತ್ತೆ ಅಂತ ಆ ಕಂಪನಿಗೆ "ಕತ್ತಲೆಯ ರಾಜಕುಮಾರ" ಅಂತ ಅಡ್ಡಹೆಸರು. ಆದರೆ ಕಡಿಮೆ ಬೆಲೆಗೆ ಕೊಡಿ ಅಂತ ಹಿಂಡುತ್ತಿದ್ದವರು ಕಾರು ಕಂಪನಿಗಳೇ ತಾನೆ? ವೈರಿನ ಅರ್ಥಿಂಗ್, ಜೋಡಣೆ, ಮಳೆ ನೀರು ಒಳಗೆ ಬಾರದ ಹಾಗೆ ಮುಚ್ಚುವ ಕೆಲಸ, ಇದೆಲ್ಲ ಫ್ಯಾಕ್ಟರಿಯ ಜವಾಬ್ದಾರಿ. ವೈರಿಗೆ ಮಾತ್ರ ಬೈದರೆ ಹೇಗೆ?

ಸುಧಾರಿಸಿದವರು ಯಾರೂ ಇಲ್ವಾ?

ಜಾನ್ ಈಗನ್. 1980ರಲ್ಲಿ ಕಂಪನಿಯ ಮುಖ್ಯಸ್ಥರಾಗಿ ಬಂದರು. ಗ್ರಾಹಕರನ್ನೇ ಕೇಳಿ ತೊಂದರೆಗಳ ಪಟ್ಟಿ ಮಾಡಿಸಿದರು, ಬಹುಪಾಲು ಹೊರಗಿಂದ ಬಂದ ಬಿಡಿಭಾಗಗಳದ್ದು ಅಂತ ಗೊತ್ತಾಯಿತು. ಕೆಟ್ಟ ಭಾಗ ಕಳಿಸಿದರೆ ವಾರಂಟಿ ಖರ್ಚು ನೀವೇ ಕೊಡಿ ಅಂತ ಪೂರೈಕೆದಾರರಿಗೆ ಹೇಳಿದರು. 1980ರಲ್ಲಿ ಅಮೆರಿಕದಲ್ಲಿ ಮಾರಿದ್ದು 3,000ದಷ್ಟು ಕಾರು, 1986ರ ಹೊತ್ತಿಗೆ 24,000 ದಾಟಿತ್ತು. 1984ರಲ್ಲಿ ಸರ್ಕಾರ ಕಂಪನಿಯನ್ನು ಖಾಸಗಿಗೆ ಬಿಟ್ಟಾಗ ಷೇರಿಗೆ ಜನ ಮುಗಿಬಿದ್ದರು. ಕಂಪನಿ ಹೀಗೆ ಚೇತರಿಸಿಕೊಳ್ಳಲು ಶುರು ಮಾಡಿದ್ದನ್ನು ಕಣ್ಣಾರೆ ಕಂಡು, 1985ರಲ್ಲಿ ಲಯನ್ಸ್ ತೀರಿಕೊಂಡರು.

ಎಕ್ಸ್‌ಜೆ220 ಅನ್ನೋ ಸೂಪರ್ ಕಾರಿನ ಬಗ್ಗೆ ಒಂದು ಮಾತು?

ವಿ12, ನಾಲ್ಕೂ ಚಕ್ರಕ್ಕೆ ಶಕ್ತಿ ಅಂತ 1988ರಲ್ಲಿ ತೋರಿಸಿದರು. 1992ರಲ್ಲಿ ಕೊಟ್ಟದ್ದು ಟರ್ಬೊ ವಿ6, ಹಿಂದಿನ ಚಕ್ರಕ್ಕೆ ಮಾತ್ರ. ಗಂಟೆಗೆ 340 ಕಿಲೋಮೀಟರ್ ದಾಟಿತು, ಅದು ಸುಳ್ಳಲ್ಲ. ಅಷ್ಟರಲ್ಲಿ ಆರ್ಥಿಕ ಹಿಂಜರಿತ ಬಂದಿತ್ತು, ಮುಂಗಡ ಕೊಟ್ಟವರು ಕೋರ್ಟಿಗೆ ಹೋದರು. 300 ಕಾರೂ ಆಗಲಿಲ್ಲ.

ಫೋರ್ಡ್ ಜಾಗ್ವಾರನ್ನು ಹಾಳು ಮಾಡಿತಾ, ಉಳಿಸಿತಾ?

ಎರಡೂ. 1989ರಲ್ಲಿ ಸುಮಾರು 250 ಕೋಟಿ ಡಾಲರ್ ಕೊಟ್ಟು ಕೊಂಡರು. ಫೋರ್ಡ್ ಕಡೆಯಿಂದ ಬಂದ ಮುಖ್ಯಸ್ಥ ಬಿಲ್ ಹೇಡನ್ ಫ್ಯಾಕ್ಟರಿ ನೋಡಿ, ಇದಕ್ಕಿಂತ ಕೆಟ್ಟದ್ದು ನೋಡಿದ್ದರೆ ಅದು ರಷ್ಯಾದ ಗೋರ್ಕಿಯಲ್ಲಿ ಅನ್ನೋ ಅರ್ಥದ ಮಾತಾಡಿ ಎಲ್ಲರ ಹೊಟ್ಟೆ ಉರಿಸಿದರು. ಗುಣಮಟ್ಟವನ್ನಂತೂ ರಿಪೇರಿ ಮಾಡಿದರು.

ಎಡವಿದ್ದು ರುಚಿಯಲ್ಲಿ. ಜಾಗ್ವಾರ್ ಅಂದರೆ ಮರದ ಪಟ್ಟಿ, ಚರ್ಮದ ಸೀಟು, ದುಂಡು ದೀಪ, ಹಳೇ ಇಂಗ್ಲೆಂಡು ಅಂತ ಅಂದುಕೊಂಡುಬಿಟ್ಟರು. 1999ರ ಎಸ್ ಟೈಪ್ ಅರವತ್ತರ ದಶಕದ ಸೆಡಾನಿನ ಮುಖವಾಡ ಹಾಕಿತ್ತು. 2001ರ ಎಕ್ಸ್ ಟೈಪ್ ಫೋರ್ಡ್ ಮೊಂಡಿಯೋ ತಳಹದಿಯ ಮೇಲೆ ನಿಂತಿತ್ತು. ನನ್ನ ಪ್ರಕಾರ ಅದು ಜನ ಬೈಯುವಷ್ಟು ಕೆಟ್ಟ ಕಾರಲ್ಲ. ಬೇರೆಯವರ ಎಂಜಿನ್, ಚಾಸಿ ಮೇಲೆ ಚೆಂದದ ಬಾಡಿ ಕೂರಿಸೋದೇ ಲಯನ್ಸ್ ಶುರು ಮಾಡಿದ ದಂಧೆ, ಅಲ್ವಾ? ವ್ಯತ್ಯಾಸ ಏನಪ್ಪಾ ಅಂದರೆ ಲಯನ್ಸ್ ಮಾಡಿದ್ದು ನಾಳೆಯ ಕಾರಿನ ಹಾಗೆ ಕಾಣುತ್ತಿತ್ತು, ಇದು ನಿನ್ನೆಯ ಕಾರಿನ ಹಾಗೆ. 2003ರ ಎಕ್ಸ್‌ಜೆಯಲ್ಲೂ ಅದೇ ಕಥೆ. ಒಳಗೆ ವಿಮಾನದ ಹಾಗೆ ಅಂಟು ಮತ್ತು ರಿವೆಟ್ ಹಾಕಿ ಜೋಡಿಸಿದ ಅಲ್ಯೂಮಿನಿಯಂ ಬಾಡಿ, ಹೊರಗೆ ಮೂವತ್ತೈದು ವರ್ಷ ಹಳೇ ಮುಖ. ಆ ವಿದ್ಯೆ ಯಾರ ಕಣ್ಣಿಗೂ ಬೀಳಲಿಲ್ಲ. ಡಿಸೈನರ್ ಇಯಾನ್ ಕ್ಯಾಲಂ ಮಾಡಿದ ಎಕ್ಸ್‌ಎಫ್ ಸೆಡಾನ್ ಬಂದಾಗಲೇ ಈ ಹಳೇ ವೇಷ ಕಳಚಿದ್ದು. ಅಷ್ಟರಲ್ಲಿ ಫೋರ್ಡ್ ಹೊರಡುವ ಹಾದಿಯಲ್ಲಿತ್ತು.

ಟಾಟಾ ಸೇಡು ತೀರಿಸಿಕೊಳ್ಳೋಕೆ ಕೊಂಡಿದ್ದು ನಿಜಾನಾ?

ಆ ವಾಟ್ಸಾಪ್ ಕಥೆ ಎಲ್ಲರಿಗೂ ಬಂದಿದೆ. 1999ರಲ್ಲಿ ಟಾಟಾ ತಮ್ಮ ಕಾರು ವಿಭಾಗ ಮಾರಲು ಹೋದಾಗ ಫೋರ್ಡ್‌ನವರು ಹೀಯಾಳಿಸಿದರಂತೆ, ಅದಕ್ಕೆ 2008ರಲ್ಲಿ ಜಾಗ್ವಾರನ್ನೇ ಕೊಂಡರಂತೆ. ಆ ಭೇಟಿಯ ವಿಷಯವನ್ನು ಟಾಟಾ ಸಂಸ್ಥೆಯ ಹಿರಿಯರೊಬ್ಬರೇ ಮುಂದೆ ಸಾರ್ವಜನಿಕವಾಗಿ ಹೇಳಿದ್ದಾರೆ, ಹಾಗಾಗಿ ಪೂರ್ತಿ ಕಟ್ಟುಕಥೆ ಅನ್ನೋಕಾಗಲ್ಲ. ಆದರೆ ಸೇಡಿಗೆ ಅಂತ ಯಾರೂ 230 ಕೋಟಿ ಡಾಲರ್ ಖರ್ಚು ಮಾಡಲ್ಲ. ಫೋರ್ಡ್ ಆಗ ಭಾರೀ ನಷ್ಟದಲ್ಲಿತ್ತು. ಆಸ್ಟನ್ ಮಾರ್ಟಿನ್ 2007ರಲ್ಲಿ ಮಾರಿತು, ಜಾಗ್ವಾರ್, ಲ್ಯಾಂಡ್ ರೋವರ್ ಒಟ್ಟಿಗೆ 2008ರಲ್ಲಿ, ವೋಲ್ವೋ 2010ರಲ್ಲಿ. ನೌಕರರ ಪಿಂಚಣಿ ನಿಧಿಗೆ ಸುಮಾರು 60 ಕೋಟಿ ಡಾಲರನ್ನು ಫೋರ್ಡೇ ಹಾಕಿ ಕೊಟ್ಟಿತು. ಅದು ಸೇಡಲ್ಲ, ಒಳ್ಳೇ ವ್ಯಾಪಾರ. ಅದೂ ಆಮೇಲೆ ಗೊತ್ತಾದದ್ದು, ಕೊಂಡ ಕೆಲವೇ ತಿಂಗಳಲ್ಲಿ ಜಗತ್ತಿನ ಹಣಕಾಸು ವ್ಯವಸ್ಥೆ ಕುಸಿದಾಗ ಟಾಟಾ ಕೈ ಸುಟ್ಟುಕೊಂಡಿತು ಅಂತಲೇ ಎಲ್ಲರೂ ಅಂದಿದ್ದರು.

ಇಂಗ್ಲೆಂಡಿನಲ್ಲಿ ಜಾಗ್ವಾರ್ ಅಂದರೆ ಖಳನಾಯಕನ ಕಾರಂತೆ?

ಹೌದು, ಇದು ನನಗೆ ತುಂಬಾ ಇಷ್ಟದ ಭಾಗ. 1959ರ ಮಾರ್ಕ್ 2 ಸೆಡಾನ್ ಎಷ್ಟು ವೇಗ ಇತ್ತು ಅಂದರೆ ಬ್ಯಾಂಕ್ ದರೋಡೆಕೋರರು ಓಡಿಹೋಗೋಕೆ ಅದನ್ನೇ ಬಳಸುತ್ತಿದ್ದರು, ಅವರನ್ನು ಹಿಡಿಯೋಕೆ ಪೊಲೀಸರೂ ಅದನ್ನೇ ತಗೊಂಡರು. ಆಮೇಲೆ ಪ್ರಧಾನಿಗಳ ಕಾರೂ ಜಾಗ್ವಾರ್ ಆಯಿತು. ಉಪ ಪ್ರಧಾನಿ ಜಾನ್ ಪ್ರೆಸ್ಕಾಟ್ ಅವರಿಗೆ "ಎರಡು ಜಾಗ್" ಅಂತ ಪತ್ರಿಕೆಗಳು ಅಡ್ಡಹೆಸರಿಟ್ಟವು. ಕಳ್ಳ, ಪೊಲೀಸ್, ಮಂತ್ರಿ ಮೂವರಿಗೂ ಒಪ್ಪುವ ಕಾರು ಇನ್ನೊಂದು ಹೇಳಿ ನೋಡೋಣ. 2014ರಲ್ಲಿ ಕಂಪನಿಯೇ ಬೆನ್ ಕಿಂಗ್ಸ್ಲಿ, ಟಾಮ್ ಹಿಡಲ್‌ಸ್ಟನ್, ಮಾರ್ಕ್ ಸ್ಟ್ರಾಂಗ್ ಅವರನ್ನು ಹಾಕಿಕೊಂಡು, ಖಳನಾಯಕರೆಲ್ಲ ಬ್ರಿಟಿಷರೇ ಅಂತ ಜಾಹೀರಾತು ಮಾಡಿತು.

ಈಗಿನ ಜಾಗ್ವಾರ್ ಕೂಡ ಕೈಕೊಡುತ್ತಾ?

2009ರಲ್ಲಿ ಅಮೆರಿಕದ ಜೆ.ಡಿ. ಪವರ್ ಸಮೀಕ್ಷೆಯಲ್ಲಿ, ಮೂರು ವರ್ಷ ಓಡಿದ ಕಾರುಗಳ ಬಾಳಿಕೆ ಪಟ್ಟಿಯಲ್ಲಿ, ಜಾಗ್ವಾರ್ ಬ್ಯೂಕ್ ಜೊತೆ ಮೊದಲ ಸ್ಥಾನ ಹಂಚಿಕೊಂಡಿತು. ಲೆಕ್ಸಸ್‌ಗಿಂತ ಮೇಲೆ! ಯಾರಿಗಾದರೂ ನೆನಪಿದೆಯಾ? ಇಲ್ಲ. ಎಪ್ಪತ್ತರ ದಶಕದ ಕೆಟ್ಟ ಹೆಸರು ಮೂವತ್ತು ವರ್ಷ ಬೆನ್ನು ಬಿಡಲಿಲ್ಲ. ಆಮೇಲಿನ ವರ್ಷಗಳಲ್ಲಿ ಆ ಮಟ್ಟ ಉಳಿಯಲಿಲ್ಲ, ಸಮೀಕ್ಷೆಗಳಲ್ಲಿ ಕೆಳಗಿಳಿಯಿತು. ಕೂಡಲೇ ಎಲ್ಲರೂ "ನೋಡಿದ್ರಾ, ನಾವು ಹೇಳಿರಲಿಲ್ವಾ" ಅಂದರು.

2024ರ ಆ ಗುಲಾಬಿ ಜಾಹೀರಾತು ಕಂಪನಿಯನ್ನು ಮುಳುಗಿಸಿತಾ? ಮಾರಾಟ ಶೇಕಡಾ 97 ಬಿತ್ತಂತೆ?

ಲೆಕ್ಕ ನಿಜ, ಕಾರಣ ಸುಳ್ಳು. 2025ರ ಏಪ್ರಿಲ್‌ನಲ್ಲಿ ಯುರೋಪಿನಲ್ಲಿ ನೋಂದಣಿಯಾದದ್ದು 49 ಜಾಗ್ವಾರ್, ಹಿಂದಿನ ವರ್ಷ ಅದೇ ತಿಂಗಳು 1,961. ಆದರೆ ಮಾರೋಕೆ ಕಾರೇ ಇರಲಿಲ್ಲ. 2021ರಲ್ಲೇ ಕಂಪನಿ ಪೂರ್ತಿ ಎಲೆಕ್ಟ್ರಿಕ್ ಆಗ್ತೀವಿ ಅಂತ ಘೋಷಿಸಿ, ಬಹುತೇಕ ಸಿದ್ಧವಿದ್ದ ಎಲೆಕ್ಟ್ರಿಕ್ ಎಕ್ಸ್‌ಜೆಯನ್ನೂ ಕಸಕ್ಕೆ ಹಾಕಿತ್ತು. 2024ರ ಹೊತ್ತಿಗೆ ಒಂದೊಂದೇ ಮಾಡೆಲ್ ನಿಲ್ಲಿಸುತ್ತಾ ಬಂದರು. ಅಂಗಡಿ ಖಾಲಿ ಮಾಡಿದವರ ವ್ಯಾಪಾರ ಬಿತ್ತು ಅಂದರೆ ಅದೇನು ಸುದ್ದಿ?

ಹಾಗಂತ ಜಾಹೀರಾತು ಚೆನ್ನಾಗಿತ್ತು ಅಂತಲ್ಲ. ಬಣ್ಣಬಣ್ಣದ ಬಟ್ಟೆ ತೊಟ್ಟ ಮಾಡೆಲ್‌ಗಳು, ಒಂದೂ ಕಾರಿಲ್ಲ. ನೀವು ಕಾರು ಮಾರ್ತೀರಾ ಅಂತ ಇಲಾನ್ ಮಸ್ಕ್ ಕಿಚಾಯಿಸಿದ್ದು ಜಾಹೀರಾತಿಗಿಂತ ಜಾಸ್ತಿ ಓಡಿತು. ಡಿಸೆಂಬರಿನಲ್ಲಿ ಮಯಾಮಿಯಲ್ಲಿ ಟೈಪ್ 00 ಅನ್ನೋ ಮಾದರಿ ತೋರಿಸಿದರು. ಉದ್ದ ಬಾನೆಟ್, ತಗ್ಗಿದ ಛಾವಣಿ, ನೋಡಿದರೆ ಎಸ್‌ಎಸ್1 ವಂಶದ್ದೇ. ಯಾರನ್ನೂ ನಕಲು ಮಾಡಬೇಡಿ ಅನ್ನೋ ಘೋಷಣೆಯೂ ಲಯನ್ಸ್ ಅವರದ್ದು ಅಂತಲೇ ಹೇಳಿಕೊಂಡರು.

ನನಗೆ ಅನುಮಾನ ಇರೋದು ಬಣ್ಣದ ಮೇಲಲ್ಲ, ಬೆಲೆಯ ಮೇಲೆ. ಹೊಸ ಕಾರು ಒಂದು ಲಕ್ಷ ಪೌಂಡಿಗೂ ಮೇಲೆ ಅಂತ ಹೇಳಿದ್ದಾರೆ. 2018ರಲ್ಲಿ ವರ್ಷಕ್ಕೆ 1,80,000 ಕಾರು ಮಾರುತ್ತಿದ್ದಾಗಲೂ ಬಿಎಂಡಬ್ಲ್ಯು, ಮರ್ಸಿಡಿಸ್ ಮುಂದೆ ಅದು ಪುಡಿ ಲೆಕ್ಕ, ಹಾಗಾಗಿ ಕಡಿಮೆ ಮಾಡಿ ದುಬಾರಿಗೆ ಮಾರೋಣ ಅನ್ನೋ ಲೆಕ್ಕಾಚಾರ ಅರ್ಥವಾಗುತ್ತೆ. ಆದರೆ ದುಬಾರಿಯಾಗಿ ಕಾಣುವ, ದುಬಾರಿಯಲ್ಲದ ಕಾರು ಮಾರಿ ಹೆಸರು ಮಾಡಿದ ಮನೆ ಇದು. ದುಬಾರಿಯಾಗಿ ಕಾಣುವ ದುಬಾರಿ ಕಾರು ಬೇಕು ಅನ್ನುವವರು ಬೆಂಟ್ಲಿ ಬಿಟ್ಟು ಇಲ್ಲಿಗೆ ಯಾಕೆ ಬರಬೇಕು?

ಹಳೇ ಜಾಗ್ವಾರ್ ಒಂದು ಕೊಳ್ಳೋಣ ಅಂತಿದೀನಿ. ಏನು ನೋಡಬೇಕು?

ಎಪ್ಪತ್ತು, ಎಂಬತ್ತರ ದಶಕದ ಎಕ್ಸ್‌ಜೆ ಆದರೆ ತುಕ್ಕು ನೋಡಿ. ಮುಂದಿನ ಗಾಜಿನ ಬುಡ, ಬಾಗಿಲ ಕೆಳಗಿನ ಅಂಚು, ಹಿಂದಿನ ಚಕ್ರದ ಕಮಾನು. ಎಂಜಿನ್ ರಿಪೇರಿಯಾಗುತ್ತೆ, ಕೊಳೆತ ಬಾಡಿ ಸುಲಭಕ್ಕೆ ಆಗಲ್ಲ. ವಿ12 ಆದರೆ ಬಿಸಿಯಾಗಿದ್ದ ಎಂಜಿನ್ ಬೇಡವೇ ಬೇಡ. ತೊಂಬತ್ತರ ದಶಕದ ಕೊನೆಯ ವಿ8 ಕಾರುಗಳಲ್ಲಿ ಟೈಮಿಂಗ್ ಚೈನ್ ಬಿಗಿ ಹಿಡಿಯುವ ಪ್ಲಾಸ್ಟಿಕ್ ಟೆನ್ಷನರ್ ಸೀಳುತ್ತೆ, ಲೋಹದ್ದು ಹಾಕಿಸಿದ್ದಾರಾ ಅಂತ ಬಿಲ್ ಸಮೇತ ಕೇಳಿ. ಅದೇ ಕಾಲದ ಕೆಲವು ಎಂಜಿನ್‌ಗಳಲ್ಲಿ ಸಿಲಿಂಡರ್ ಒಳಗಿನ ನಿಕಾಸಿಲ್ ಲೇಪ ಗಂಧಕ ಜಾಸ್ತಿ ಇದ್ದ ಪೆಟ್ರೋಲಿಗೆ ಸವೆದಿರುತ್ತೆ, ಕಂಪ್ರೆಷನ್ ಪರೀಕ್ಷೆ ಮಾಡಿಸಿ. 2003ರ ಮೇಲಿನ ಅಲ್ಯೂಮಿನಿಯಂ ಎಕ್ಸ್‌ಜೆಗೆ ತುಕ್ಕು ಹಿಡಿಯಲ್ಲ ಅಂತಾರೆ, ಆದರೆ ಪೇಂಟಿನ ಕೆಳಗೆ ಬಿಳಿ ಗುಳ್ಳೆ ಏಳುತ್ತೆ, ಅದರಲ್ಲೂ ಉಕ್ಕಿನ ಸ್ಕ್ರೂ ತಾಗುವ ಕಡೆ. ಕಾರು ನೋಡೋಕೆ ಹೋಗುವಾಗ ಬೆಳಿಗ್ಗೆಯೇ ಹೋಗಿ, ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ. ಮತ್ತೆ ಜೊತೆಗೆ ಒಬ್ಬ ಮೆಕ್ಯಾನಿಕ್ ಇರಲಿ, ಯಾಕಂದರೆ ಆ ಬಾನೆಟ್ ನೋಡಿದ ಮೇಲೆ ನಿಮ್ಮ ಕಣ್ಣನ್ನು ನೀವೇ ನಂಬೋಕಾಗಲ್ಲ.